ಮುಚ್ಚದ ಯುಪಿವಿಸಿ ಕಿಟಕಿ: ಶಟರ್‌ಗೆ ಕೈ ಹಾಕುವ ಮುಂಚೆ ಫ್ರೇಮ್ ಅಳೆಯಿರಿ

ಮಲೆನಾಡಿನ ಮನೆಗಳಿಗೆ ಮುಚ್ಚದ ಕಿಟಕಿ ಹೊಸದೇನಲ್ಲ. ಆರಿದ್ರ ಮಳೆ ಹಿಡಿದರೆ ಹಲಸಿನ ಮರದ ಕಿಟಕಿ ಬಾಗಿಲು ನೀರು ಕುಡಿದು ಉಬ್ಬುತ್ತದೆ. ಬಡಗಿ ಬಂದು ಅಂಚಿಗೆ ಎರಡು ಸಲ ತೋಪಡ ಹೊಡೆದು ಹೋಗುತ್ತಾನೆ, ಇಲ್ಲವೇ ಬೇಸಿಗೆ ಬಂದರೆ ತಾನಾಗಿ ಸರಿಹೋಗುತ್ತದೆ ಎಂದು ಸುಮ್ಮನಿರುತ್ತೇವೆ. ಈ ರೂಢಿಯನ್ನು ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಕಿಟಕಿಗೂ ತಂದರೆ ಕೆಲಸ ಕೆಡುತ್ತದೆ. ಯುಪಿವಿಸಿ ನೀರು ಹೀರುವುದಿಲ್ಲ, ಮಳೆಗೆ ಉಬ್ಬುವುದಿಲ್ಲ, ಆದ್ದರಿಂದ ಬಿಸಿಲು ಬಂದ ಮೇಲೆ ಇಳಿಯುವುದೂ ಇಲ್ಲ. ಒಳಗೆಲ್ಲ ಟೊಳ್ಳು ಕೋಣೆಗಳಿರುವ, ಹೊರಗೋಡೆ ಎರಡು ಎರಡೂವರೆ ಮಿ.ಮೀ. ದಪ್ಪವಿರುವ ವಸ್ತು ಅದು. ಅದಕ್ಕೆ ತೋಪಡ, ಅರ, ಗ್ರೈಂಡರ್ ಯಾವುದನ್ನೂ ಹಾಕಬಾರದು.

ಮರದ ಕಿಟಕಿಯಲ್ಲಿ ದೋಷ ಸಾಮಾನ್ಯವಾಗಿ ಬಾಗಿಲಿನಲ್ಲಿರುತ್ತದೆ. ಯುಪಿವಿಸಿಯಲ್ಲಿ ಹೆಚ್ಚಿನ ಸಲ ಅದು ಫ್ರೇಮಿನಲ್ಲಿರುತ್ತದೆ, ಅಂದರೆ ಫ್ರೇಮನ್ನು ಗೋಡೆಗೆ ಕೂರಿಸಿದ ರೀತಿಯಲ್ಲಿ. ಕಾರ್ಖಾನೆಯಲ್ಲಿ ಮೂಲೆಗಳನ್ನು ಬಿಸಿ ಮಾಡಿ ಬೆಸೆದ ಫ್ರೇಮು ಬರುವಾಗ ಚೌಕವಾಗಿಯೇ ಬಂದಿರುತ್ತದೆ. ಫೋಮು, ಸ್ಕ್ರೂ, ಗ್ರಾನೈಟು, ಗ್ರಿಲ್ಲು ಇವು ನಾಲ್ಕೂ ಸೇರಿ ಅದನ್ನು ಎರಡು ಮೂರು ಮಿ.ಮೀ. ಬಗ್ಗಿಸುತ್ತವೆ. ಯುಪಿವಿಸಿ ಕಿಟಕಿ ಮುಚ್ಚದಿರಲು ಅಷ್ಟು ಸಾಕು. ಫಿಟ್ಟರ್ ಬಂದವನೇ ಆರು ಮೂಲೆಯ ಅಲನ್ ಕೀ ತೆಗೆದು ಶಟರಿನ, ಅಂದರೆ ತೆರೆದು ಮುಚ್ಚುವ ಬಾಗಿಲಿನ, ರೋಲರ್ ತಿರುಗಿಸಲು ಶುರುಮಾಡಿದರೆ ತಡೆಯಿರಿ. ಬಗ್ಗಿದ ಫ್ರೇಮಿಗೆ ಶಟರನ್ನು ಹೊಂದಿಸಿದರೆ ಇವತ್ತು ಮುಚ್ಚುತ್ತದೆ, ಪುನರ್ವಸು ಮಳೆಯ ಗಾಳಿಗೆ ನೀರು ಒಳಗೆ ಬರುತ್ತದೆ.

ಮೊದಲು ಅಳತೆ

ಬೇಕಾದ ಸಾಮಾನು ಕಡಿಮೆ. ಟೇಪು, ಮೂರಡಿಯ ರಸಮಟ್ಟ, ಒಂದಿಷ್ಟು ಗಟ್ಟಿ ದಾರ, ಮಾಸ್ಕಿಂಗ್ ಟೇಪು, ಪೆನ್ಸಿಲು, ಒಂದು ಆಯಸ್ಕಾಂತ. ಶಟರ್ ತೆಗೆಯಲು ಬರುವುದಾದರೆ ತೆಗೆದೇ ಅಳೆಯಿರಿ. ಬರದಿದ್ದರೆ ಪೂರ್ತಿ ತೆರೆದಿಟ್ಟು ಅಳೆಯಿರಿ.

ಮೊದಲು ಮೂಲೆಯಿಂದ ಮೂಲೆಗೆ ಎರಡೂ ಕರ್ಣ. ಒಂದೂವರೆ ಮೀಟರಿನೊಳಗಿನ ಕಿಟಕಿಯಲ್ಲಿ ಎರಡರ ನಡುವೆ 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಅದಕ್ಕೂ ಹೆಚ್ಚಿದ್ದರೆ ಫ್ರೇಮು ಒಂದು ಕಡೆಗೆ ವಾಲಿದೆ. ಆಮೇಲೆ ಒಳ ಅಗಲವನ್ನು ಮೂರು ಕಡೆ ಅಳೆಯಿರಿ: ಮೇಲೆ, ನಡುವೆ, ಕೆಳಗೆ. ಎತ್ತರವನ್ನೂ ಹಾಗೆಯೇ ಎಡ, ನಡು, ಬಲ ಎಂದು ಮೂರು ಕಡೆ. ಅರ್ಧದಷ್ಟು ರೋಗ ಈ ಆರು ಅಂಕಿಗಳಲ್ಲೇ ತಿಳಿದುಬಿಡುತ್ತದೆ. ನಡು ಕಿರಿದಾಗಿದ್ದರೆ ಹೊರಗಿನಿಂದ ಯಾವುದೋ ಒತ್ತುತ್ತಿದೆ, ಸಾಮಾನ್ಯವಾಗಿ ಅದು ಫೋಮ್. ನಡು ಅಗಲವಾಗಿದ್ದರೆ ಸ್ಕ್ರೂ ಫ್ರೇಮನ್ನು ಗೋಡೆಯ ಕಡೆಗೆ ಎಳೆದಿದೆ. ಮೇಲೊಂದು ಕೆಳಗೊಂದು ಅಳತೆ ಬಂದು ನಡು ಸರಾಸರಿಯಲ್ಲಿದ್ದರೆ ಫ್ರೇಮಿನ ಒಂದು ಬದಿಯ ಕಂಬ ನೆಟ್ಟಗಿಲ್ಲ. ರಸಮಟ್ಟ ಹಿಡಿದು ಯಾವುದೆಂದು ನೋಡಿಕೊಳ್ಳಿ.

ಇನ್ನೊಂದು ಪರೀಕ್ಷೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಫ್ರೇಮಿನ ನಾಲ್ಕು ಮೂಲೆಗೆ ಒಂದೇ ಮುಖದಲ್ಲಿ ಎರಡು ದಾರಗಳನ್ನು ಅಡ್ಡಡ್ಡ ಬಿಗಿಯಾಗಿ ಕಟ್ಟಿ. ನಡುವೆ ಎರಡೂ ಸುಮ್ಮನೆ ತಾಗಬೇಕು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಸಂದು ಕಂಡರೆ, ಅಥವಾ ಒಂದು ಇನ್ನೊಂದನ್ನು ತಳ್ಳುತ್ತಿದ್ದರೆ ಫ್ರೇಮು ತಿರುಚಿಕೊಂಡಿದೆ. ಕರ್ಣಗಳು ಸರಿಯಾಗಿದ್ದೂ ಮೇಲಿನ ಮೂಲೆ ಕೂತು ಕೆಳಗಿನ ಮೂಲೆ ಮಾತ್ರ ಎದ್ದಿರುವ ಶಟರ್‌ಗಳಿಗೆ ಕಾರಣ ಇದೇ. ಹಳೆಯ ಮನೆಯ ಮರದ ಚೌಕಟ್ಟು ಕಿತ್ತು ಅದೇ ಜಾಗಕ್ಕೆ ಯುಪಿವಿಸಿ ಹಾಕಿಸುವ ಕಡೆ ಇದು ತುಂಬ. ಮಣ್ಣಿನ ಗೋಡೆ, ಜಂಬಿಟ್ಟಿಗೆ ಗೋಡೆಗಳ ಮುಖ ಒಂದೇ ಮಟ್ಟದಲ್ಲಿರುವುದಿಲ್ಲ. ಫಿಟ್ಟರ್ ರಸಮಟ್ಟ ಬಿಟ್ಟು ಗೋಡೆಯ ಮುಖಕ್ಕೆ ಸರಿಯಾಗಿ ಫ್ರೇಮ್ ನಿಲ್ಲಿಸಿದರೆ ಗೋಡೆಯ ಡೊಂಕೇ ಕಿಟಕಿಗೂ ಬರುತ್ತದೆ.

ಫ್ರೇಮು ಎಲ್ಲ ಅಳತೆಯಲ್ಲೂ ಸರಿ ಬಂತು ಎಂದರೆ ಮಾತ್ರ ಶಟರ್ ಕಡೆಗೆ ಬನ್ನಿ. ತೆರೆಯುವ ಕಿಟಕಿಯಾದರೆ ಶಟರನ್ನು ಸಾಧ್ಯವಾದಷ್ಟು ಮುಚ್ಚಿ, ಫ್ರೇಮಿನ ಮೇಲೆ ಮಾಸ್ಕಿಂಗ್ ಟೇಪು ಅಂಟಿಸಿ, ಶಟರಿನ ಅಂಚಿಗೆ ಸುತ್ತಲೂ ಪೆನ್ಸಿಲ್ ಗೆರೆ ಎಳೆಯಿರಿ. ತೆರೆದು ನೋಡಿದರೆ ಶಟರ್ ಎಲ್ಲೆಲ್ಲಿ ಎಷ್ಟು ಹತ್ತಿ ಕೂರುತ್ತಿದೆ ಎಂದು ಕಾಣುತ್ತದೆ. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಯುರೋಪ್ ಮಾದರಿಯ ಟೊಳ್ಳು ಪಟ್ಟಿಗಳಲ್ಲಿ, ಅಂದರೆ ಪ್ರೊಫೈಲ್‌ಗಳಲ್ಲಿ ಸುತ್ತಲೂ ಸುಮಾರು 8 ಮಿ.ಮೀ. ಹತ್ತಬೇಕು, ಒಳಗೆ ಹಾರ್ಡ್‌ವೇರ್ ಕೂರುವ ಸಂದು ಸುಮಾರು 12 ಮಿ.ಮೀ. ಇರಬೇಕು. ಹ್ಯಾಂಡಲ್ ಇರುವ ಬದಿಯ ಕೆಳಮೂಲೆಯಲ್ಲಿ ಗೆರೆ ಕೆಳಗಿಳಿದು, ಮೇಲ್ಮೂಲೆಯಲ್ಲೂ ಅಷ್ಟೇ ಇಳಿದಿದ್ದರೆ ಶಟರ್ ಜೋತುಬಿದ್ದಿದೆ.

ಫ್ರೇಮನ್ನು ಬಗ್ಗಿಸುವ ನಾಲ್ಕು

ಫೋಮಿನಿಂದ ಶುರುಮಾಡೋಣ, ಹೆಚ್ಚು ಕಾಟ ಅದರದ್ದೇ. ಒಂದು 750 ಮಿ.ಲೀ. ಡಬ್ಬಿಯ ಪಿಯು (ಪಾಲಿಯುರೆಥೇನ್) ಫೋಮ್ ಹೊರಬಂದ ಮೇಲೂ ಉಬ್ಬುತ್ತಲೇ ಇರುತ್ತದೆ. ಗೋಡೆ ಮತ್ತು ಫ್ರೇಮಿನ ನಡುವಿನ ಸಂದನ್ನು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತುಂಬಿ ನಿಲ್ಲಿಸಬೇಕು, ಉಳಿದದ್ದನ್ನು ಅದೇ ಉಬ್ಬಿ ತುಂಬಿಕೊಳ್ಳುತ್ತದೆ. ಸಂದು ಕಣ್ಣಿಗೆ ಪೂರ್ತಿ ತುಂಬಿ ಕಾಣುವಷ್ಟು ಹೊಡೆದರೆ ಮರುದಿನಕ್ಕೆ ಫ್ರೇಮಿನ ನಡುಭಾಗ ಒಳಗೆ ಬಗ್ಗಿರುತ್ತದೆ. ಉದ್ದ ಕೊಳವೆಯ ಸಾದಾ ಡಬ್ಬಿಗಿಂತ ಗನ್ನಿಗೆ ಹಾಕುವ, ಕಡಿಮೆ ಉಬ್ಬುವ ಫೋಮ್ ಕಿಟಕಿಗೆ ಒಳ್ಳೆಯದು. ಹೊಡೆಯುವಾಗ ಶಟರ್ ಹಾಕಿ ಲಾಕ್ ಮಾಡಿರಬೇಕು, ದೊಡ್ಡ ಫ್ರೇಮಾದರೆ ನಡುವೆ ಅಡ್ಡಕ್ಕೆ ಒಂದು ರಿಪೀಸು ಒತ್ತಿ ನಿಲ್ಲಿಸಿರಬೇಕು. ಮತ್ತೆ, ಫೋಮ್ ಇರುವುದು ಸಂದು ಮುಚ್ಚಲು. ಫ್ರೇಮನ್ನು ಹಿಡಿದು ನಿಲ್ಲಿಸಬೇಕಾದದ್ದು ಪ್ಯಾಕಿಂಗ್, ಅಂದರೆ ಸಂದಿಗೆ ಸಿಕ್ಕಿಸುವ ಪ್ಲಾಸ್ಟಿಕ್ ತುಂಡುಗಳು (ಪ್ಯಾಕರ್), ಮತ್ತು ಸ್ಕ್ರೂ.

ಫೋಮಿನಿಂದ ಬಗ್ಗಿದ್ದನ್ನು ಸರಿಮಾಡುವ ಬಗೆ ಹೀಗೆ. ಬಗ್ಗಿದ ಕಡೆಯ ಸಿಲಿಕೋನ್ ಅಂಚನ್ನು ಬ್ಲೇಡಿನಿಂದ ಕೊಯ್ದು ತೆಗೆಯಿರಿ. ನಡುವಿನ ಸ್ಕ್ರೂಗಳನ್ನು ಸಡಿಲ ಮಾಡಿ, ಮೂಲೆಯವನ್ನು ಮುಟ್ಟಬೇಡಿ. ಒಂದು ಉದ್ದ ಹ್ಯಾಕ್ಸಾ ಬ್ಲೇಡಿನ ತುದಿಗೆ ಬಟ್ಟೆ ಸುತ್ತಿ ಹಿಡಿಯಾಗಿ ಮಾಡಿಕೊಂಡು, ಫ್ರೇಮಿಗೂ ಫೋಮಿಗೂ ನಡುವೆ ಮೇಲಿಂದ ಕೆಳಗೆ ಕೊಯ್ಯಿರಿ. ಒಂದು ಕೊಯ್ತ ಸಾಲದು, ಎರಡನೆಯದನ್ನು ಗೋಡೆಯ ಬದಿಯಲ್ಲಿ ಕೊಯ್ದು ಪಟ್ಟಿಯನ್ನೇ ಹೊರತೆಗೆಯಬೇಕು. ಒತ್ತಡ ಹೋದ ಕೂಡಲೇ ಫ್ರೇಮು ಬಹಳಮಟ್ಟಿಗೆ ತಾನೇ ನೆಟ್ಟಗಾಗುತ್ತದೆ. ಉಳಿದದ್ದಕ್ಕೆ ಒಳಗಿನಿಂದ ಅಡ್ಡ ರಿಪೀಸು ಒತ್ತಿ ಅಗಲವನ್ನು ಮೇಲಿನ, ಕೆಳಗಿನ ಅಳತೆಗೆ ತನ್ನಿ. ಪ್ರತಿ ಸ್ಕ್ರೂ ಪಕ್ಕದಲ್ಲಿ ಪ್ಲಾಸ್ಟಿಕ್ ಪ್ಯಾಕರ್ ಸಿಕ್ಕಿಸಿ ಸ್ಕ್ರೂ ಮತ್ತೆ ಬಿಗಿ ಮಾಡಿ, ಅಳತೆ ಇನ್ನೊಮ್ಮೆ ನೋಡಿ, ಗೋಡೆಯ ಬದಿಗೆ ನೀರು ಚಿಮುಕಿಸಿ ಫೋಮ್ ಹೊಡೆಯಿರಿ. ಒಂದು ದಿನ ಕಳೆಯದೆ ಆ ರಿಪೀಸು ತೆಗೆಯಬೇಡಿ.

ಸಿಲಿಕೋನಿಗೆ ಫೋಮಿನ ನಿಯಮ ನಡೆಯುವುದಿಲ್ಲ. ಫೋಮಿಗೆ ತೇವ ಬೇಕು, ಸಿಲಿಕೋನಿಗೆ ಒಣ ಗೋಡೆಯೇ ಬೇಕು. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಜುಲೈಯಲ್ಲಿ ಹೊರಗಿನ ಗಿಲಾವು ಒಣಗುವುದೇ ಇಲ್ಲ. ಆಗ ಹಚ್ಚಿದ ಸಿಲಿಕೋನ್ ದೀಪಾವಳಿಯೊಳಗೆ ಪಟ್ಟಿಯಾಗಿ ಎದ್ದು ಬರುತ್ತದೆ. ಮಳೆಗಾಲದಲ್ಲೇ ಕೆಲಸ ಮುಗಿಸಬೇಕಾದ ಅನಿವಾರ್ಯವಿದ್ದರೆ ಹೊರಗೆ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟು, ಮಳೆ ಬಿಟ್ಟ ಎರಡು ಮೂರು ದಿನ ನೋಡಿ ಹಚ್ಚಿಸಿ. ಹಾಗೆಂದು ಫೋಮನ್ನು ಬಿಸಿಲಿಗೆ ಬೆತ್ತಲಾಗಿ ತಿಂಗಳುಗಟ್ಟಲೆ ಬಿಡಲೂಬಾರದು, ಪುಡಿಯಾಗಿ ಉದುರುತ್ತದೆ.

ಎರಡನೆಯದು ಸ್ಕ್ರೂ. ಮೂಲೆಯಿಂದ 150ರಿಂದ 200 ಮಿ.ಮೀ. ಬಿಟ್ಟು ಮೊದಲನೆಯದು, ಆಮೇಲೆ 600 ಮಿ.ಮೀ.ಗೆ ಒಂದರಂತೆ ಇರಬೇಕು. ಅದರ ಪಕ್ಕದಲ್ಲಿ ಪ್ಯಾಕರ್ ಇಲ್ಲದೆ ಡ್ರಿಲ್ಲಿಂಗ್ ಮಷೀನಿನಿಂದ ಕಟಕಟ ಎನ್ನುವವರೆಗೆ ಬಿಗಿ ಮಾಡಿದರೆ ಟೊಳ್ಳು ಪ್ರೊಫೈಲು ಗೋಡೆಯ ಕಡೆಗೆ ಹೋಗುತ್ತದೆ. ಕೊನೆಯ ಎರಡು ಸುತ್ತು ಕೈಯಿಂದಲೇ ಆಗಬೇಕು. ಇಂಥ ಕಡೆ ಸ್ಕ್ರೂವನ್ನು ಒಂದು ಸುತ್ತು ಹಿಂದೆ ತಿರುಗಿಸಿ ಅಳತೆ ನೋಡಿದರೆ ಸಾಕು, ಸಂಶಯ ಪರಿಹಾರವಾಗುತ್ತದೆ. ಜಂಬಿಟ್ಟಿಗೆಯಲ್ಲಿ ಇದಕ್ಕೆ ವಿರುದ್ಧವಾದ ತೊಂದರೆ ಬರುತ್ತದೆ. ಕಲ್ಲು ಮೆತ್ತಗೆ, ಡ್ರಿಲ್ ಕುಣಿದು ತೂತು ದೊಡ್ಡದಾಗುತ್ತದೆ, ಪ್ಲಗ್ಗು ಹಿಡಿಯುವುದಿಲ್ಲ, ಫ್ರೇಮು ಗಾಳಿಗೆ ಅಲುಗುತ್ತದೆ. ಇಲ್ಲಿ ಹ್ಯಾಮರ್ ಬಿಟ್ಟು ಬರೀ ತಿರುಗಣೆಯಲ್ಲಿ ತೂತು ಹೊಡೆಯಿಸಿ, 100 ಮಿ.ಮೀ. ಬದಲು ಇನ್ನೂ ಉದ್ದದ ಫಾಸ್ನರ್ ಹಾಕಿಸಿ. ಹಾಲೋ ಬ್ಲಾಕಿನಲ್ಲಿ ತೂತು ಟೊಳ್ಳಿಗೆ ಸಿಕ್ಕಿದರೆ ಅಲ್ಲಿ ಬಿಗಿ ಮಾಡುವುದರಲ್ಲಿ ಅರ್ಥವಿಲ್ಲ, ನಾಲ್ಕು ಬೆರಳು ಆಚೆ ಹೊಸ ತೂತು ಹೊಡೆಯಿಸಿ.

ಗ್ರಾನೈಟ್ ವಿಷಯ ಚಿಕ್ಕದು, ಆದರೆ ಕಣ್ಣಿಗೆ ಬೀಳುವುದಿಲ್ಲ. ಕಿಟಕಿ ಕೂತ ಮೇಲೆ ಗ್ರಾನೈಟಿನವರು ಬಂದು ಕಟ್ಟೆಯ ಕಲ್ಲನ್ನು ಫ್ರೇಮಿನ ಅಡಿಗೆ ತೂರಿಸುತ್ತಾರೆ. ಕೆಳಗೆ ಗಾರೆ ಹಾಕಿ, ಬೆಣೆ ಹೊಡೆದು ಎತ್ತುತ್ತಾರೆ. ಕೆಳಪಟ್ಟಿಯ ನಡುಭಾಗ 2 ಮಿ.ಮೀ. ಮೇಲೆದ್ದರೆ ಶಟರಿನ ಅಡಿ ಉಜ್ಜತೊಡಗುತ್ತದೆ. ಎತ್ತರದ ಮೂರು ಅಳತೆಗಳಲ್ಲಿ ನಡುವಿನದು ಕಡಿಮೆ ಬಂದಿದ್ದರೆ ಕಲ್ಲಿನ ಕೆಳಗಿನ ಬೆಣೆ ಹುಡುಕಿ ಬಿಡಿಸಿ. ಕಲ್ಲು ಮೊದಲು, ಕಿಟಕಿ ಆಮೇಲೆ ಎಂಬ ಕ್ರಮವೇ ಸರಿ. ಆ ಕಲ್ಲಿಗೆ ಹೊರಗಡೆ ಇಳಿಜಾರು ಇರಲಿ.

ಇನ್ನು ಗ್ರಿಲ್ಲು. ನಮ್ಮ ಕಡೆ ಗ್ರಿಲ್ಲಿಲ್ಲದ ಕಿಟಕಿಯನ್ನು ಯಾರೂ ಒಪ್ಪುವುದಿಲ್ಲ, ಮಂಗಗಳಿರುವ ತೋಟದ ಮನೆಗಳಲ್ಲಂತೂ ಒಪ್ಪುವ ಮಾತೇ ಇಲ್ಲ. ಕಬ್ಬಿಣದ ಗ್ರಿಲ್ಲನ್ನು ಯುಪಿವಿಸಿ ಫ್ರೇಮಿಗೇ ಸ್ಕ್ರೂ ಹಾಕಿ ನಿಲ್ಲಿಸಿದರೆ ಎರಡು ತೊಂದರೆ. ಗ್ರಿಲ್ಲು 3 ಮಿ.ಮೀ. ಚಿಕ್ಕದಿದ್ದರೆ ಸ್ಕ್ರೂ ಬಿಗಿಯಾದಂತೆ ಫ್ರೇಮು ಒಳಗೆ ಎಳೆಯಲ್ಪಡುತ್ತದೆ, ದೊಡ್ಡದಿದ್ದರೆ ಹೊರಗೆ ತಳ್ಳಲ್ಪಡುತ್ತದೆ. ಗ್ರಿಲ್ಲಿನ ಭಾರವೂ ಫ್ರೇಮಿನ ಮೇಲೇ ಬೀಳುತ್ತದೆ. ಗ್ರಿಲ್ಲನ್ನು ಗೋಡೆಗೇ ಕೂರಿಸಿ, ಅದಕ್ಕೂ ಫ್ರೇಮಿಗೂ ಸಂಬಂಧವೇ ಇರದಂತೆ ಮಾಡಿಸುವುದು ಒಳ್ಳೆಯದು. ಕೂತ ಕಿಟಕಿಯ ಪಕ್ಕದಲ್ಲಿ ವೆಲ್ಡಿಂಗ್ ಮಾಡಲು ಬಿಡಲೇಬೇಡಿ. ಕಿಡಿ ಬಿದ್ದ ಕಡೆ ಗಾಜಿನ ಮೇಲೆ ಕಪ್ಪು ಚುಕ್ಕಿ, ಪ್ರೊಫೈಲಿನ ಮೇಲೆ ಸುಟ್ಟ ಗುಳಿ ಉಳಿಯುತ್ತದೆ, ಅದಕ್ಕೆ ಔಷಧವಿಲ್ಲ.

ಈ ನಾಲ್ಕೂ ಅಲ್ಲ, ಫ್ರೇಮಿನ ಸುತ್ತ ಸಂದೇ ಇಲ್ಲ ಎನ್ನುವ ಸಂದರ್ಭವೂ ಉಂಟು. ಪ್ರತಿ ಬದಿಗೆ 5ರಿಂದ 10 ಮಿ.ಮೀ. ಜಾಗ ಬಿಟ್ಟು ಕಿಟಕಿ ಮಾಡಿಸಬೇಕು. ಗಿಲಾವಿಗೆ ಮುಂಚೆ ಅಳತೆ ಕೊಟ್ಟು, ಗಿಲಾವಿನಲ್ಲಿ ಆ ಜಾಗ ತಿಂದುಹೋಗಿ, ಕೊನೆಗೆ ಫ್ರೇಮನ್ನು ಸುತ್ತಿಗೆಯಿಂದ ಬಡಿದು ಕೂರಿಸಿದ್ದರೆ ಗಾರೆಯವರನ್ನು ಕರೆಸಿ ಗೋಡೆ ಕೆತ್ತಿಸಬೇಕು. ಫ್ರೇಮಿಗೆ ಬೇರೆ ದಾರಿ ಇಲ್ಲ.

ಜೋತುಬಿದ್ದ ಶಟರ್

ಫ್ರೇಮು ಸರಿ, ಶಟರ್ ಮಾತ್ರ ಹ್ಯಾಂಡಲ್ ಬದಿಗೆ ಇಳಿದಿದೆ ಎಂದಾದರೆ ಎಲ್ಲರ ಕಣ್ಣು ಹೋಗುವುದು ಕೀಲಿನ ಕಡೆಗೆ. ಕಾರಣ ಇರುವುದು ಗಾಜಿನಲ್ಲಿ. ಗಾಜಿನ ಭಾರ ಒಂದು ಚದರ ಮೀಟರಿಗೆ, ದಪ್ಪದ ಪ್ರತಿ ಮಿ.ಮೀ.ಗೆ ಎರಡೂವರೆ ಕೆ.ಜಿ. ಎರಡಡಿಗೆ ನಾಲ್ಕಡಿಯ, ಅಂದರೆ 600ಕ್ಕೆ 1200 ಮಿ.ಮೀ. ಶಟರ್‌ಗೆ 5 ಮಿ.ಮೀ. ಗಾಜು ಹಾಕಿದರೆ 9 ಕೆ.ಜಿ., ಎರಡು ಪದರದ್ದಾದರೆ 18 ಕೆ.ಜಿ. ಬರುತ್ತದೆ. ಟೊಳ್ಳು ಪ್ರೊಫೈಲು ತಾನೊಂದೇ ಆ ಭಾರಕ್ಕೆ ಚೌಕವಾಗಿ ನಿಲ್ಲಲಾರದು. ತೋಟದ ಮರದ ಗೇಟಿಗೆ ಕೆಳಗಿನ ತಿರುಗಣೆಯಿಂದ ಮೇಲಿನ ಚಿಲಕದ ಮೂಲೆಗೆ ಓರೆಪಟ್ಟಿ ಹೊಡೆಯುತ್ತೇವಲ್ಲ, ಶಟರಿನಲ್ಲಿ ಆ ಕೆಲಸ ಮಾಡುವುದು ಗಾಜೇ. ಅದಕ್ಕಾಗಿ ಗಾಜನ್ನು ಎರಡು ಮೂಲೆಗಳಲ್ಲಿ ಪ್ಯಾಕರ್ ಇಟ್ಟು ಬಿಗಿ ಮಾಡಿರಬೇಕು: ಕೀಲಿನ ಬದಿಯ ಕೆಳಮೂಲೆಯಲ್ಲಿ ಒಂದು, ಅದಕ್ಕೆ ಎದುರಾಗಿ ಹ್ಯಾಂಡಲ್ ಬದಿಯ ಮೇಲ್ಮೂಲೆಯಲ್ಲಿ ಇನ್ನೊಂದು. ಅವಸರದ ಕೆಲಸದಲ್ಲಿ ಇದನ್ನೇ ಬಿಡುತ್ತಾರೆ, ಇಲ್ಲವೇ ಕೆಳಗೆ ಎರಡೂ ಕಡೆ ಒಂದೊಂದು ತುಂಡು ಇಟ್ಟು ಗಾಜು ಕೂರಿಸುತ್ತಾರೆ. ಮೊದಲ ತಿಂಗಳು ಚೆನ್ನಾಗಿ ಮುಚ್ಚಿ ಆಮೇಲೆ ಕೈಕೊಡುವ ಕಿಟಕಿಗಳಲ್ಲಿ ಮೊದಲು ಇದನ್ನೇ ಹುಡುಕಿ.

ಕೈಗೆ ಕವಚ ಹಾಕಿಕೊಂಡೇ ಶುರುಮಾಡಿ. ಗಾಜಿನ ಸುತ್ತ ಒಳಗಡೆ ಸಿಕ್ಕಿಸಿರುವ ಬೀಡಿಂಗ್ ಪಟ್ಟಿಗಳನ್ನು ಬಿಡಿಸಬೇಕು. ಉದ್ದದ ಪಟ್ಟಿಯ ನಡುಭಾಗದಲ್ಲಿ, ಬೀಡಿಂಗಿಗೂ ಶಟರಿಗೂ ನಡುವಿನ ಗೆರೆಯಲ್ಲಿ ಅಗಲ ಪುಟ್ಟಿ ಬ್ಲೇಡು ಇಟ್ಟು ನೈಲಾನ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಬ್ಲೇಡನ್ನು ಗಾಜಿನ ಕಡೆಗೆ ಮೀಟಿ. ಟಪ್ ಎಂದು ಬಿಟ್ಟುಕೊಳ್ಳುತ್ತದೆ. ಗಾಜಿನ ಮೇಲೆ ಭಾರ ಬೀಳದಿರಲಿ. ಯಾವ ಪಟ್ಟಿ ಎಲ್ಲಿಯದು ಎಂದು ಹಿಂದೆ ಪೆನ್ಸಿಲಿನಿಂದ ಬರೆದಿಡಿ. ಗಾಜನ್ನು ಹೊರಗೆ ತೆಗೆಯುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ, ಆದರೆ ಪಟ್ಟಿಗಳು ಹೋದ ಮೇಲೆ ಅದು ಮುಂದಕ್ಕೆ ಬೀಳಬಹುದು. ಇನ್ನೊಬ್ಬರು ಹಿಡಿದಿರಲೇಬೇಕು.

ಮೊದಲು ಕೀಲಿನ ಬದಿಯ ಕೆಳಮೂಲೆ. ಮೂಲೆಯಿಂದ ನಾಲ್ಕೈದು ಬೆರಳು ಆಚೆ, ಗಾಜಿನ ಅಡಿಗೂ ಪಕ್ಕಕ್ಕೂ ಪ್ಯಾಕರ್ ಬರಲಿ. ಅದು ಗಾಜಿನ ದಪ್ಪಕ್ಕಿಂತ ಸ್ವಲ್ಪ ಅಗಲವಿರಬೇಕು, ನೀರು ಹೋಗುವ ಕಾಲುವೆಯನ್ನು ಮುಚ್ಚಿ ಕೂರಬಾರದು. ಸೇತುವೆಯಂತೆ ಅಡಿ ಖಾಲಿ ಇರುವ ಪ್ಯಾಕರ್ ಸಿಗುತ್ತದೆ, ಅದನ್ನೇ ತನ್ನಿ. ಪ್ಲೈವುಡ್ ಚೂರು, ಮಡಚಿದ ರಟ್ಟು ಬೇಡ, ಮಳೆನೀರಿಗೆ ಕೊಳೆತು ಎರಡನೇ ವರ್ಷ ಶಟರ್ ಮತ್ತೆ ಇಳಿಯುತ್ತದೆ. ಆಮೇಲೆ ಹ್ಯಾಂಡಲ್ ಬದಿಯ ಮೇಲ್ಮೂಲೆಗೆ ಬನ್ನಿ. ಗಾಜಿಗೂ ಶಟರಿಗೂ ನಡುವೆ ಅಗಲವಾದ ಪ್ಲಾಸ್ಟಿಕ್ ಸನ್ನೆ ಹಾಕಿ ಮೀಟಿದರೆ ಹ್ಯಾಂಡಲ್ ಬದಿ ಮೇಲೇಳುವುದು ಕಣ್ಣಿಗೇ ಕಾಣುತ್ತದೆ. ಬೇಕಾದಷ್ಟು ಎದ್ದಾಗ ಆ ಸಂದಿಗೆ ಸರಿಹೊಂದುವ ದಪ್ಪದ ಪ್ಯಾಕರ್ ತೂರಿಸಿ. ಪ್ಯಾಕರ್‌ಗಳು 1ರಿಂದ 6 ಮಿ.ಮೀ.ವರೆಗೆ ಬೇರೆ ಬೇರೆ ದಪ್ಪದಲ್ಲಿ ಬರುತ್ತವೆ, ಒಂದರ ಮೇಲೊಂದು ಇಟ್ಟೂ ಹೊಂದಿಸಬಹುದು. ಮಟ್ಟಕ್ಕಿಂತ ಒಂದು ಮಿ.ಮೀ. ಹೆಚ್ಚೇ ಎತ್ತಿ, ಭಾರ ಕೂತಮೇಲೆ ಅಷ್ಟು ಇಳಿಯುತ್ತದೆ. ಶಟರ್ ಮುಚ್ಚಿ ನೋಡಿ, ಸರಿ ಎನಿಸಿದರೆ ಬೀಡಿಂಗ್ ಹಾಕಿ. ಮೊದಲು ಗಿಡ್ಡ ಪಟ್ಟಿಗಳು, ಕೊನೆಗೆ ಉದ್ದದವು, ಅವನ್ನು ಎರಡು ತುದಿ ಸಿಕ್ಕಿಸಿ ನಡು ಬಿಲ್ಲಿನಂತೆ ಬಗ್ಗಿಸಿ ಒತ್ತಿದರೆ ಕೂರುತ್ತವೆ.

ಇಷ್ಟಾದರೂ ಇಳಿದರೆ ಈಗ ಕೀಲು ನೋಡಿ. ಜಾಡಿನಲ್ಲಿ ಉಜ್ಜಿಕೊಂಡು ಸರಿಯುವ ಪಟ್ಟಿಯಂಥ ಕೀಲಿನ (ಫ್ರಿಕ್ಷನ್ ಸ್ಟೇ) ಮೇಲೆ ನಿಂತ ಶಟರ್ ಎರಡಡಿ ಅಗಲ ಮೀರಿದರೆ ಕಷ್ಟ. ಹೋಮ್‌ಸ್ಟೇಗಳಲ್ಲಿ ನೋಟ ದೊಡ್ಡದಾಗಿ ಕಾಣಲೆಂದು ಮೂರಡಿಯ ಒಂಟಿ ಶಟರ್ ಹಾಕಿಸುತ್ತಾರೆ. ಅದಕ್ಕೆ ಬಾಗಿಲಿನಂತೆ ಬದಿಯಲ್ಲಿ ಕೂರುವ, ಮೂರು ದಿಕ್ಕಿಗೂ ಹೊಂದಿಸಬಹುದಾದ ಕೀಲೇ ಬೇಕು. ಅಂಥ ಕೀಲಿನಲ್ಲಿ ಅಲನ್ ಕೀಯಿಂದ ಪಕ್ಕಕ್ಕೂ ಎತ್ತರಕ್ಕೂ ಎರಡು ಮೂರು ಮಿ.ಮೀ. ಹೊಂದಿಸಬಹುದು. ಸ್ಟೇ ಬದಲಿಸುವುದಾದರೆ ಹಳೆಯದನ್ನೇ ಬಿಚ್ಚಿ ಅಂಗಡಿಗೆ ಒಯ್ಯಿರಿ. ಉದ್ದ ಒಂದೇ ಇದ್ದರೆ ಸಾಲದು, ಮಡಚಿದಾಗಿನ ದಪ್ಪ 13 ಮಿ.ಮೀ. ಇದೆಯೋ 17 ಇದೆಯೋ ಎಂಬುದೂ ಹೊಂದಬೇಕು. ತಪ್ಪು ದಪ್ಪದ್ದು ಹಾಕಿದರೆ ಕೀಲಿನ ಬದಿಯೇ ಮುಚ್ಚುವುದಿಲ್ಲ. ಸ್ಟೇಯ ಜಾಡಿನಲ್ಲಿ ಒಣಗಿದ ಸಿಮೆಂಟ್ ಹಾಲು ಸೇರಿದ್ದರೂ ಇದೇ ಲಕ್ಷಣ. ಹಳೆಯ ಹಲ್ಲುಜ್ಜುವ ಬ್ರಷ್ಷು, ನೀರು, ಮರದ ಕಡ್ಡಿ ಇಷ್ಟರಲ್ಲೇ ತೆಗೆಯಿರಿ.

ಟೈಲ್ಸ್ ತೊಳೆಯುವ ಆಸಿಡ್ಡನ್ನು ಮಾತ್ರ ತರಬೇಡಿ. ಸುರಿಯುವುದಿರಲಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ ನೆಲಕ್ಕೆ ಆಸಿಡ್ ಹಾಕಿ ತೊಳೆದರೆ ಅದರ ಹೊಗೆಯೇ ಸ್ಟೇ, ಲಾಕಿನ ಪಟ್ಟಿ, ಸ್ಕ್ರೂಗಳನ್ನೆಲ್ಲ ತುಕ್ಕು ಹಿಡಿಸುತ್ತದೆ. ಗೃಹಪ್ರವೇಶದ ಹಿಂದಿನ ವಾರದ ತೊಳೆಯುವಿಕೆಯಲ್ಲಿ ಹಾಳಾಗುವ ಹಾರ್ಡ್‌ವೇರ್ ಕಡಿಮೆಯಲ್ಲ. ಥಿನ್ನರ್ ಕೂಡ ಬೇಡ, ಪ್ರೊಫೈಲಿನ ಹೊಳಪು ಹೋಗುತ್ತದೆ.

ಸ್ಲೈಡಿಂಗ್ ಕಿಟಕಿ

ಶಟರನ್ನು ಬದಿಯ ಕಂಬಕ್ಕೆ ಒಂದು ಬೆರಳು ಬಾಕಿ ಇರುವವರೆಗೆ ತಳ್ಳಿ ನಿಲ್ಲಿಸಿ. ಮೇಲೂ ಕೆಳಗೂ ಸಂದು ಒಂದೇ ಇದೆಯೇ? ಇಲ್ಲದಿದ್ದರೆ ರೋಲರ್ ಎತ್ತರ ಬೇರೆಬೇರೆ ಇದೆ. ಕೆಳಗೆ ಮೊದಲು ತಾಗಿ ಮೇಲೆ ಸಂದು ಉಳಿದರೆ ರೋಲರ್ ತಿರುಗಿಸಿ ಆ ಕಂಬದ ಬದಿಯಲ್ಲಿ ಶಟರನ್ನು ಇಳಿಸಿ, ಅಥವಾ ಹಿಂದಿನ ಬದಿಯಲ್ಲಿ ಎತ್ತಿ. ಮೇಲೆ ಮೊದಲು ತಾಗಿದರೆ ಇದರ ವಿರುದ್ಧ. ರೋಲರಿನ ಸ್ಕ್ರೂ ಶಟರಿನ ಬದಿಯಲ್ಲಿ ತೀರ ಕೆಳಗೆ, ಸಣ್ಣ ಮುಚ್ಚಳದ ಹಿಂದಿನ ತೂತಿನಲ್ಲಿರುತ್ತದೆ. ಕೆಲವಕ್ಕೆ ಸ್ಟಾರ್ ಸ್ಕ್ರೂಡ್ರೈವರ್, ಕೆಲವಕ್ಕೆ ಅಲನ್ ಕೀ. ಶಟರಿನ ಭಾರ ರೋಲರ್ ಮೇಲಿದ್ದಾಗ ತಿರುಗಿಸಿದರೆ ಸ್ಕ್ರೂವಿನ ತಲೆ ಸವೆದುಹೋಗುತ್ತದೆ, ಒಬ್ಬರು ಕೆಳಗೆ ಚಪ್ಪಟೆ ಪಟ್ಟಿ ಹಾಕಿ ಒಂಚೂರು ಎತ್ತಿ ಹಿಡಿಯಲಿ. ಒಂದು ಸಲಕ್ಕೆ ಅರ್ಧ ಸುತ್ತು, ಮತ್ತೆ ತಳ್ಳಿ ನೋಡುವುದು.

ರೋಲರ್ ಸರಿಮಾಡಿದ ಮೇಲೆ ಲಾಕಿನ ಕೊಕ್ಕೆಯ ಎತ್ತರ ಬದಲಾಗುತ್ತದೆ. ಎದುರಿನ ತಟ್ಟೆಯ ಎರಡು ಸ್ಕ್ರೂ ಸಡಿಲಿಸಿ ಅದನ್ನೂ ಅಷ್ಟೇ ಸರಿಸಬೇಕು. ಇದನ್ನು ಮರೆತು ‘ಲಾಕ್ ಕೆಟ್ಟಿದೆ’ ಎಂದು ಹೊಸದು ತರಿಸುವವರಿದ್ದಾರೆ.

ಶಟರನ್ನು ಬಿಟ್ಟ ಕೂಡಲೇ ತಾನಾಗಿ ನಡುವಿಗೆ ಉರುಳುತ್ತದೆಯೆಂದರೆ ಕೆಳಪಟ್ಟಿ ನಡುವೆ ತಗ್ಗಿದೆ. ಅದರ ಅಡಿಯಲ್ಲಿ ಪ್ಯಾಕಿಂಗ್ ಇಲ್ಲ, ಬರೀ ಫೋಮಿದೆ. ರೋಲರ್ ತಿರುಗಿಸಿ ಫಲವಿಲ್ಲ, ಶಟರ್ ತೆಗೆದು ಅಡಿಗೆ ಪ್ಯಾಕರ್ ಹಾಕಿಸಿ. ಎರಡು ಶಟರ್ ಕೂಡುವ ನಡುಗಂಬದ ಕೊಕ್ಕೆಗಳು ಒಂದರೊಳಗೊಂದು ಸಿಕ್ಕಿಕೊಳ್ಳದಿದ್ದರೆ ಒಳಜಾಡಿನ ಶಟರ್ ಹೊರಗೆ, ಹೊರಗಿನದು ಒಳಗೆ ಕೂತಿರಬಹುದು. ಪೇಂಟಿನವರು ಬಿಚ್ಚಿ ಮತ್ತೆ ಹಾಕಿದ ಮನೆಗಳಲ್ಲಿ ಇದು ನಡೆಯುತ್ತದೆ. ಒಂದೇ ಅಳತೆ ಎಂದು ಕಾಣುವ ಎರಡು ಕಿಟಕಿಗಳ ಶಟರ್‌ಗಳೂ ಅದಲುಬದಲಾಗುತ್ತವೆ. ಬಿಚ್ಚುವ ಮುಂಚೆ ಟೇಪು ಅಂಟಿಸಿ ಅಂಕಿ ಬರೆದಿಡಿ.

ಹಳಿಯಲ್ಲಿ ಮರಳು, ಗಾರೆ ಉಂಡೆ ಇದ್ದರೆ ಗುಡಿಸಿ, ಒಂದು ಚೊಂಬು ನೀರು ಸುರಿದು ನೋಡಿ. ಹೊರಗಿನ ತೂತುಗಳಿಂದ ಸರಾಗವಾಗಿ ಇಳಿಯಬೇಕು. ಇಳಿಯದಿದ್ದರೆ ಹೊರಗೆ ಯಾರೋ ಆ ತೂತಿಗೂ ಸಿಲಿಕೋನ್ ಬಳಿದಿದ್ದಾರೆ, ಅಥವಾ ಗಿಲಾವು ಮುಚ್ಚಿದೆ. ಹಳಿಗೆ ಗ್ರೀಸು, ಕೊಬ್ಬರಿ ಎಣ್ಣೆ ಹಚ್ಚಬೇಡಿ. ಧೂಳು ಹಿಡಿದು ರೋಲರ್ ಕಚ್ಚಿಕೊಳ್ಳುತ್ತದೆ. ಸಿಲಿಕೋನ್ ಸ್ಪ್ರೇ ಸಾಕು.

ಹ್ಯಾಂಡಲ್ ತಿರುಗದಿದ್ದರೆ

ಶಟರ್ ತೆರೆದಿಟ್ಟು ಹ್ಯಾಂಡಲ್ ತಿರುಗಿಸಿ. ಆಗಲೂ ಬಿಗಿಯಿದ್ದರೆ ದೋಷ ಒಳಗಿನ ಪಟ್ಟಿಯಲ್ಲಿ ಅಥವಾ ಹ್ಯಾಂಡಲ್ಲಿನ ಎರಡು ಸ್ಕ್ರೂಗಳಲ್ಲಿ. ಅವು ಉದ್ದವಾಗಿ ಒಳಗಿನ ಪಟ್ಟಿಗೆ ತಾಗುತ್ತಿರುತ್ತವೆ, ಇಲ್ಲವೇ ಅತಿಯಾಗಿ ಬಿಗಿಯಾಗಿರುತ್ತವೆ. ತೆರೆದಾಗ ಸಲೀಸು, ಮುಚ್ಚಿದಾಗ ಮಾತ್ರ ಕಷ್ಟ ಎಂದರೆ ಲಾಕಿನ ಗುಬುಟು ಫ್ರೇಮಿನ ಮೇಲಿನ ತಟ್ಟೆಗೆ ಗುದ್ದುತ್ತಿದೆ. ಗುಬುಟಿಗೆ ಪೆನ್ಸಿಲಿನ ಮಸಿ ಅಥವಾ ಲಿಪ್‌ಸ್ಟಿಕ್ ಹಚ್ಚಿ ಒಮ್ಮೆ ಮುಚ್ಚಿದರೆ ಎಲ್ಲಿ ತಾಗುತ್ತಿದೆ ಎಂಬ ಗುರುತು ಬೀಳುತ್ತದೆ. ತಟ್ಟೆಯನ್ನು ಅಷ್ಟು ಸರಿಸಿ. ತಟ್ಟೆ ಅರೆಯುವುದು ತಪ್ಪು, ಶಟರ್ ಇಳಿದದ್ದರಿಂದಲೇ ಹೀಗಾಗಿದ್ದರೆ ಇನ್ನೊಂದು ತಿಂಗಳಿಗೆ ಮತ್ತೆ ಅರೆಯಬೇಕಾಗುತ್ತದೆ.

ಲಾಕಾದರೂ ಗಾಳಿ ಸುಳಿಯುತ್ತದೆ ಎಂದಾದರೆ ಕಾಗದದ ಪಟ್ಟಿಯೊಂದನ್ನು ಶಟರಿಗೂ ಫ್ರೇಮಿಗೂ ನಡುವೆ ಇಟ್ಟು ಲಾಕ್ ಮಾಡಿ ಎಳೆಯಿರಿ. ಸುತ್ತಲೂ ಒಂದೊಂದು ಅಡಿಗೆ ಹೀಗೆ ಮಾಡಿ. ಕಾಗದ ಸುಮ್ಮನೆ ಜಾರಿ ಬಂದ ಕಡೆ ಒತ್ತು ಸಾಲದು. ಗುಬುಟುಗಳು ಕೇಂದ್ರ ತಪ್ಪಿಸಿ ಕೂರಿಸಿದವು, ಅಲನ್ ಕೀಯಿಂದ ತಿರುಗಿಸಿದರೆ ಸುಮಾರು ಒಂದು ಮಿ.ಮೀ. ಒಳಕ್ಕೆ ಎಳೆಯುತ್ತವೆ. ಅದಕ್ಕೆ ಮುಂಚೆ ರಬ್ಬರ್ ಗ್ಯಾಸ್ಕೆಟ್ ತನ್ನ ಜಾಡಿನಿಂದ ಎದ್ದಿದೆಯೇ, ಮೇಲಿನ ರಕ್ಷಣಾ ಟೇಪಿನ ಚೂರು ಅದರ ಅಡಿಯಲ್ಲಿ ಸಿಕ್ಕಿದೆಯೇ ಎಂದು ಬೆರಳಾಡಿಸಿ ನೋಡಿ. ಚಾರ್ಮಾಡಿ, ಬಿಸಿಲೆ ಘಟ್ಟದ ಕಡೆಯಿಂದ ಬೀಸುವ ಮಳೆಗಾಳಿಗೆ ಎದುರಾಗಿರುವ ಪಶ್ಚಿಮ, ನೈರುತ್ಯದ ಕಿಟಕಿಗಳಿಗೆ ಈ ಕಾಗದದ ಪರೀಕ್ಷೆಯನ್ನು ಮೇ ಮುಗಿಯುವುದರೊಳಗೆ ಮಾಡಿಬಿಡಿ.

ಮಧ್ಯಾಹ್ನ ಮಾತ್ರ ಹಿಡಿದುಕೊಳ್ಳುವ ಕಿಟಕಿ

ಅರಸೀಕೆರೆ, ಕಡೂರು, ಚನ್ನರಾಯಪಟ್ಟಣದ ಬಯಲುಸೀಮೆಯಲ್ಲಿ ಮಳೆಗಿಂತ ಬಿಸಿಲಿನ ತೊಂದರೆ ಹೆಚ್ಚು. ಯುಪಿವಿಸಿ ಒಂದು ಮೀಟರಿಗೆ, ಒಂದು ಡಿಗ್ರಿ ಸೆಲ್ಸಿಯಸ್ ಕಾವಿಗೆ ಸುಮಾರು 0.07 ಮಿ.ಮೀ. ಹಿಗ್ಗುತ್ತದೆ. ಕಬ್ಬಿಣಕ್ಕಿಂತ ಇದು ಐದಾರು ಪಟ್ಟು. ಒಂದೂವರೆ ಮೀಟರಿನ ಕಂಬ 25 ಡಿಗ್ರಿ ಏರಿದರೆ ಎರಡೂವರೆ ಮಿ.ಮೀ. ಬೆಳೆಯುತ್ತದೆ. ಬಿಳಿಗಿಂತ ಮರದ ಬಣ್ಣದ, ಕಡುಗಂದು ಪ್ರೊಫೈಲು ಹೆಚ್ಚು ಕಾಯುತ್ತದೆ. ಬೆಳಗ್ಗೆ ಸಲೀಸಾಗಿ ಮುಚ್ಚಿ, ಪಡುವಣ ಬಿಸಿಲು ಬಿದ್ದ ಮೇಲೆ ಹಿಡಿದುಕೊಂಡು, ರಾತ್ರಿ ಮತ್ತೆ ಸರಿಯಾಗುವ ಕಿಟಕಿಗೆ ಮಧ್ಯಾಹ್ನ ಸ್ಕ್ರೂ ತಿರುಗಿಸಬೇಡಿ. ರೋಲರ್, ಕೀಲು ಎಲ್ಲವನ್ನೂ ಬೆಳಗಿನ ತಂಪಿನಲ್ಲೊಮ್ಮೆ, ಮೂರು ಗಂಟೆಯ ಬಿಸಿಲಿನಲ್ಲೊಮ್ಮೆ ಅಳೆದು, ಎರಡೂ ಹೊತ್ತಿಗೆ ನಡೆಯುವ ನಡುವಿನ ಜಾಗದಲ್ಲಿ ನಿಲ್ಲಿಸಬೇಕು. ಫ್ರೇಮಿನ ಸುತ್ತ ಸಂದು ಬಿಡದೆ ಸಿಮೆಂಟ್ ತುಂಬಿಸಿದ್ದರೆ ಹಿಗ್ಗಲು ಜಾಗವಿಲ್ಲದೆ ಒಳಗೇ ಬಗ್ಗುತ್ತದೆ. ಆ ಸಿಮೆಂಟ್ ಕೆತ್ತಿ ತೆಗೆಯಲೇಬೇಕು.

ಬಿಸಿಲಿಗೆ ಶಟರಿನ ಕಂಬವೇ ಬಿಲ್ಲಾಗಿ ಬಗ್ಗಿ, ಸಂಜೆಗೂ ನೆಟ್ಟಗಾಗದಿದ್ದರೆ ಆಯಸ್ಕಾಂತ ತೆಗೆಯಿರಿ. ಪ್ರೊಫೈಲಿನ ಒಳಗೆ ಸತುವಿನ ಲೇಪವಿರುವ ಜಿಐ ಕಬ್ಬಿಣದ ಪಟ್ಟಿ ಇರಬೇಕು. ಆಯಸ್ಕಾಂತವನ್ನು ಮೇಲಿಂದ ಕೆಳಗೆ ಸರಿಸಿದರೆ ಕಬ್ಬಿಣ ಎಲ್ಲಿಂದ ಎಲ್ಲಿಯವರೆಗಿದೆ ಎಂದು ಕೈಗೇ ತಿಳಿಯುತ್ತದೆ. ತೀರ ಚಿಕ್ಕ ಶಟರ್‌ಗಳಲ್ಲಿ ಅದು ಇಲ್ಲದಿದ್ದರೂ ನಡೆದೀತು. ನಾಲ್ಕಡಿ ಎತ್ತರದ, ಬಣ್ಣದ ಶಟರಿನಲ್ಲಿ ಕಬ್ಬಿಣವೇ ಇಲ್ಲ, ಅಥವಾ ನಡುವೆ ತುಂಡಾಗಿ ಅರ್ಧಕ್ಕೇ ನಿಂತಿದೆ ಎಂದರೆ ಯಾವ ಹೊಂದಾಣಿಕೆಯೂ ಉಪಯೋಗಕ್ಕೆ ಬರುವುದಿಲ್ಲ, ಶಟರನ್ನೇ ಹೊಸದಾಗಿ ಮಾಡಿಸಿಕೊಡಬೇಕು. ಶಟರಿನದೇ ಕರ್ಣಗಳು 3 ಮಿ.ಮೀ. ಮೀರಿ ತಪ್ಪಿದ್ದು ಗಾಜಿಗೆ ಪ್ಯಾಕಿಂಗ್ ಕೊಟ್ಟರೂ ಸರಿಹೋಗದಿದ್ದರೆ, ಬೆಸೆದ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೆ ಆಗಲೂ ಅಷ್ಟೇ. ಮಾರಿದವರಿಗೆ ‘ಮುಚ್ಚುತ್ತಿಲ್ಲ’ ಎಂದಷ್ಟೇ ಫೋನಿನಲ್ಲಿ ಹೇಳಿದರೆ ಮತ್ತೆ ಅಲನ್ ಕೀ ಹಿಡಿದ ಹುಡುಗನೇ ಬರುತ್ತಾನೆ. ಟೇಪು ಹಿಡಿದ ಫೋಟೋ, ಎರಡು ಕರ್ಣ, ಅಗಲದ ಮೂರು, ಎತ್ತರದ ಮೂರು ಅಳತೆ, ಅಳೆದ ಹೊತ್ತು ಇಷ್ಟನ್ನು ಬರೆದು ಕಳಿಸಿ, ಕೊನೆಯ ಕಂತಿನ ಹಣ ಕೊಡುವ ಮುಂಚೆಯೇ.